ಕೆಂಪೆಲೆ ನೋಡಲು ಹೊರಟ ಕೆಂಪಡಿಕೆ

ಚನ್ನಗಿರಿಯಲ್ಲಿ ರಾಶಿ ಅಡಿಕೆ ಕ್ವಿಂಟಲಿಗೆ ಐವತ್ತು ಸಾವಿರ ದಾಟಿದ ದಿನದಿಂದ ತಾಲೂಕಿನ ಜನಕ್ಕೆ ಭೂಗೋಳದ ಮೇಲೆ ವಿಪರೀತ ಪ್ರೀತಿ ಬಂದಿದೆ. ರೇಟು ನಲವತ್ತರ ಆಸುಪಾಸಿನಲ್ಲಿದ್ದಾಗ ದುಬೈ ಸಾಕಾಗುತ್ತಿತ್ತು. ಐವತ್ತಕ್ಕೆ ಸಿಂಗಾಪುರ, ಮಲೇಷ್ಯಾ. ಅದರ ಮೇಲೆ ಹೋದಾಗ ಸ್ವಿಟ್ಜರ್ಲೆಂಡಿನ ಹಿಮದಲ್ಲಿ ರೇಷ್ಮೆ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ನಿಂತ ಫೋಟೋಗಳು ವಾಟ್ಸಾಪ್ ಸ್ಟೇಟಸ್ಸಿಗೆ ಬಂದವು. ಈಗ ಸರದಿ ಜಪಾನಿನದು. ಅಡಿಕೆ ಮಾರುವ ಸಹಕಾರ ಸಂಘ ತುಮ್ಕೋಸ್‌ನ ಅವತ್ತಿನ ದರ ಕೇಳಿ, ಯಾವ ಓಣಿಯ ಯಾವ ಮನೆಯ ಪಾಸ್‌ಪೋರ್ಟಿಗೆ ಯಾವ ದೇಶದ ಮುದ್ರೆ ಬೀಳುತ್ತದೆಂದು ಕುಳಿತಲ್ಲೇ ಹೇಳುವವರು ಊರಲ್ಲಿ ತಯಾರಾಗಿದ್ದಾರೆ.

ಜಪಾನಿಗೆ ಯಾಕೆ ಎಂದು ಕೇಳಬೇಡಿ. ಎಲೆ ಉದುರುವುದನ್ನು ನೋಡಲಿಕ್ಕೆ. ಶರತ್ಕಾಲದಲ್ಲಿ ಅಲ್ಲಿನ ಮೇಪಲ್ ಮರದ ಎಲೆಗಳು ಕುಂಕುಮದ ಹಾಗೆ ಕೆಂಪಾಗುತ್ತವಂತೆ, ಗಿಂಕೋ ಮರ ಪೂರ್ತಿ ಹಳದಿಯಾಗುತ್ತದಂತೆ. ಮೊಬೈಲಿನಲ್ಲಿ ಮೂವತ್ತು ಸೆಕೆಂಡಿನ ರೀಲ್ ನೋಡಿದ ಸೊಸೆ ಅತ್ತೆಗೆ ತೋರಿಸಿದಳು, ಅತ್ತೆ ಮಾವನಿಗೆ ತೋರಿಸಿದಳು, ಮಾವ ಬೀಗರಿಗೆ ಫಾರ್ವರ್ಡ್ ಮಾಡಿದರು. ಅಲ್ಲಿಗೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ತಾಲೂಕಿನ ನೆಂಟರು ಒಂದಾದರು. ಮದುವೆಯ ಹೊರತಾಗಿ ಇವರು ಒಂದಾದದ್ದು ಇದೇ ಮೊದಲು.

"ಮಾವ, ಎಲೆ ಬೀಳೋದ್ ನೋಡಾಕೆ ಅಷ್ಟು ದೂರ ಯಾಕೆ? ತೋಟದಾಗೆ ದಿನಾ ಸೋಗೆ ಬೀಳಲ್ವಾ?" ಎಂದೆ.

"ಸೋಗೆ ತಲೆ ಮ್ಯಾಲೆ ಬೀಳ್ತೈತಪ್ಪ. ಅಲ್ಲಿ ಎಲೆ ಪಕ್ಕದಾಗೆ ಬೀಳ್ತಾವೆ. ಮತ್ತೆ ಅದಕ್ಕೆ ಟಿಕೆಟ್ ಐತೆ" ಎಂದರು ಚನ್ನಗಿರಿ ಮಾವ. ಟಿಕೆಟ್ ಇಲ್ಲದ ಯಾವುದನ್ನೂ ಅವರು ಪ್ರೇಕ್ಷಣೀಯ ಎಂದು ಒಪ್ಪಿದವರಲ್ಲ.

ಹಾಗಾದರೆ ಶರತ್ಕಾಲದಲ್ಲಿ ಊರು ಬಿಡಲು ಇವರಿಗೆ ಪುರುಸೊತ್ತು ಎಲ್ಲಿಂದ ಬಂತು? ನಮ್ಮ ಕಡೆ ಶರದೃತು ಎಂದರೆ ಕೈತುಂಬ ಕೆಲಸ. ಆಶ್ವಯುಜ, ಕಾರ್ತಿಕದಲ್ಲಿ ಅಡಿಕೆ ಕೊನೆ ಇಳಿಯುತ್ತದೆ, ಮೆಕ್ಕೆಜೋಳ ಮುರಿಯಬೇಕು, ಶೇಂಗಾ ಕೀಳಬೇಕು, ಕಾಲುವೆ ಕಡೆ ಭತ್ತ ತೆನೆ ಕಟ್ಟಿರುತ್ತದೆ. ಉತ್ತರ ಖೇಣಿಯಲ್ಲಿದೆ. ತೋಟದ ಮಾಲೀಕ ಇಡೀ ಫಸಲನ್ನು ಗುತ್ತಿಗೆ ಕೊಟ್ಟುಬಿಡುತ್ತಾನೆ. ಖೇಣಿದಾರ ಮಳೆಗಾಲದಲ್ಲೇ ಬಂದು ತೋಟದ ಸಾಲಿನಲ್ಲಿ ಕತ್ತೆತ್ತಿ ನಡೆಯುತ್ತಾನೆ. ಯಾವ ಮರಕ್ಕೆ ಎಷ್ಟು ಕೊನೆ, ಯಾವ ಕೊನೆಯಲ್ಲಿ ಕಾಯಿ ಉದುರಿದೆ, ಎಲ್ಲಿ ಕೊಳೆ ತಗುಲಿದೆ ಎಲ್ಲವನ್ನೂ ಕಣ್ಣಲ್ಲೇ ತೂಗುತ್ತಾನೆ. ಮಾಲೀಕ ಹೇಳಿದ ರೇಟಿಗೆ ಅವನು ನಗುತ್ತಾನೆ, ಅವನು ಹೇಳಿದ ರೇಟಿಗೆ ಮಾಲೀಕ ನಗುತ್ತಾನೆ, ಮೂರನೇ ಸಲ ಇಬ್ಬರೂ ನಗದೆ ಇದ್ದಾಗ ವ್ಯಾಪಾರ ಕುದುರುತ್ತದೆ. ಅಲ್ಲಿಂದಾಚೆ ದೋಟಿ ಹಿಡಿದು ಕೊನೆ ಕೊಯ್ಯುವುದು, ಸುಲಿಸುವುದು, ಹಂಡೆಯ ಚೊಗರಿನಲ್ಲಿ ಬೇಯಿಸುವುದು, ಕಣದಲ್ಲಿ ಹರವುವುದು, ಮೋಡ ಕಂಡ ಕೂಡಲೇ ಟಾರ್ಪಾಲು ಹಿಡಿದು ಓಡುವುದು ಎಲ್ಲ ಖೇಣಿದಾರ ಮತ್ತವನ ಆಳುಗಳ ತಲೆನೋವು. ಮಾಲೀಕನ ಕೈಯಲ್ಲಿ ಮುಂಗಡವಿದೆ, ಎದುರಿಗೆ ಖಾಲಿ ಬಿದ್ದ ಎರಡು ತಿಂಗಳಿವೆ. ನಮ್ಮ ಸೀಮೆಯ ವಿದೇಶ ಪ್ರವಾಸೋದ್ಯಮದ ಮೂಲ ಬಂಡವಾಳ ಇದು.

ಮಾವನ ಮನೆಯಲ್ಲಿ ಈ ಮಾತುಕತೆ ನಡೆಯುತ್ತಿದ್ದಾಗ ಹಿತ್ತಿಲಲ್ಲಿ ಖೇಣಿಯವರ ಕಡೆಯ ಹೆಂಗಸರು ಅಡಿಕೆ ಸುಲಿಯುತ್ತಿದ್ದರು. ಚೊಗರಿನಿಂದ ಬೆರಳ ತುದಿಗಳೆಲ್ಲ ಕಪ್ಪಾಗಿದ್ದ ಒಬ್ಬಾಕೆ ಸೊಸೆಯ ಮೊಬೈಲಿಗೆ ಇಣುಕಿ, ಕೆಂಪು ಎಲೆಗಳ ಹಾಸನ್ನು ನೋಡಿ, "ಚಂದ ಐತೆ ಕಣವ್ವ. ಆಮ್ಯಾಲೆ ಇದನ್ನೆಲ್ಲ ಗುಡಿಸೋರ್ ಯಾರು?" ಎಂದು ಕೇಳಿದಳು. ಸೊಸೆ ರೀಲ್ ಮುಂದಕ್ಕೆ ಸರಿಸಿದಳು.

ಯೋಜನಾ ಸಭೆಯಲ್ಲಿ ಮೊದಲ ಜಗಳ ಬಿದ್ದದ್ದು ದಿನಾಂಕಕ್ಕೆ. ಮಕ್ಕಳಿಗೆ ರಜೆ ಇರುವುದು ದಸರೆಗೆ. ಕ್ಯೋಟೋದ ಎಲೆ ಕೆಂಪಾಗುವುದು ನವೆಂಬರ್ ಮೊದಲ ಪಕ್ಷ ಕಳೆದ ಮೇಲೆ. ಜಪಾನಿನ ಎಲೆಗಳಿಗೂ ಒಂದು ಪ್ರವಾಸದ ಕ್ರಮವಿದೆ. ಉತ್ತರದ ಹೊಕ್ಕೈಡೋ ದ್ವೀಪದ ಬೆಟ್ಟಗಳಲ್ಲಿ ಸೆಪ್ಟೆಂಬರ್‌ನಲ್ಲೇ ಬಣ್ಣ ಶುರುವಾಗಿ, ಅಕ್ಟೋಬರ್‌ನಲ್ಲಿ ನಿಕ್ಕೋ ಕಡೆಯ ಬೆಟ್ಟಗಳಿಗೆ ಇಳಿದು, ನವೆಂಬರ್ ಕೊನೆಗೆ ಟೋಕಿಯೋ, ಕ್ಯೋಟೋ ಮುಟ್ಟುತ್ತದೆ. ಎಲ್ಲಿ ಯಾವ ದಿನ ಎಷ್ಟು ಕೆಂಪು ಎಂದು ಅಲ್ಲಿ ಮಳೆ ಮುನ್ಸೂಚನೆಯಂತೆ ನಕ್ಷೆ ಹಾಕಿ ತೋರಿಸುತ್ತಾರೆ. ಇಷ್ಟು ಶಿಸ್ತಿನ ಎಲೆಗಳಿಗೆ ಕರ್ನಾಟಕದ ಶಿಕ್ಷಣ ಇಲಾಖೆಯ ರಜಾಪಟ್ಟಿ ಮಾತ್ರ ತಲುಪಿಲ್ಲ.

"ಹಂಗಾರೆ ದಸರೆಗೆ ಆ ಹೊಕ್ಕೈಡೋಕ್ಕೇ ಹೋಗಾಣ" ಎಂದರು ಮಾವ.

"ಅಲ್ಲಿ ಬುದ್ಧನ ಬಂಗಾರದ ಗುಡಿ ಇಲ್ಲ ಮಾವ. ಅದು ಕ್ಯೋಟೋದಾಗೈತೆ" ಎಂದಳು ಸೊಸೆ. ಬಂಗಾರ ಎಂದ ಮೇಲೆ ಹೊಕ್ಕೈಡೋ ಪಟ್ಟಿಯಿಂದ ಬಿದ್ದುಹೋಯಿತು. ಬೆಂಕಿಗೆ ಆಹುತಿಯಾಗಿ 1955ರಲ್ಲಿ ಮತ್ತೆ ಕಟ್ಟಿದ್ದು ಅದು ಎಂದು ನಾನು ಹೇಳಿದ್ದಕ್ಕೆ, "ಬಂಗಾರ ಹಳೇದೋ ಹೊಸದೋ, ತೂಕ ಒಂದೇ ಅಲ್ವಾ?" ಎಂಬ ಉತ್ತರ ಬಂತು.

ಹೊನ್ನಾಳಿ ಬೀಗರ ಸಮಸ್ಯೆ ಬೇರೆ. ದೀಪಾವಳಿ ಪಾಡ್ಯದಿಂದ ಅವರ ಕಡೆ ಹೋರಿ ಹಬ್ಬದ ಕಾಲ. ಕೊಬ್ಬರಿ ಸರ ಕಟ್ಟಿದ ಹೋರಿಯನ್ನು ಅಖಾಡಕ್ಕೆ ಬಿಡುವುದು, ಅದು ಯಾರ ಕೈಗೂ ಸಿಗದೆ ಓಡಿದರೆ ವರ್ಷವಿಡೀ ಮೀಸೆ ತಿರುವುವುದು. "ನವೆಂಬರ್‌ನಾಗೆ ಹೋರಿ ಬಿಟ್ಟು ಹ್ಯಾಂಗ್ ಬರ್ಲಿ ಬೀಗ್ರೇ? ಅದಕ್ಕೂ ಒಂದು ವೀಸಾ ಮಾಡಸ್ರಿ" ಎಂದರು. ನ್ಯಾಮತಿ ಷಡ್ಡಕರದು ಮೆಕ್ಕೆಜೋಳ. ಮುರಿದು, ಒಣಗಿಸಿ, ರೇಟಿಗೆ ಕಾಯುತ್ತ ರಾಶಿ ಕಾವಲು ಕೂರಬೇಕು. ಪೂರ್ತಿ ಬಿಡುವಾಗಿದ್ದವರು ಜಗಳೂರು ಚಿಕ್ಕಪ್ಪ ಒಬ್ಬರೇ. "ಶೇಂಗಾ ಕೀಳೋದ್ ಇರ್ಲಿಲ್ವಾ ಚಿಕ್ಕಪ್ಪ?" ಎಂದರೆ, "ಮಳಿ ಬಂದಿದ್ರೆ ಇರ್ತಿತ್ತು" ಎಂದರು. ಬರಗಾಲದ ಅನುಕೂಲ ಇದೊಂದೇ. ರಜೆ ಧಾರಾಳವಾಗಿ ಸಿಗುತ್ತದೆ, ದುಡ್ಡು ಮಾತ್ರ ಸಿಗುವುದಿಲ್ಲ.

ಬರಗಾಲದಲ್ಲೂ ದುಡ್ಡಿನ ಚಿಂತೆಯಿಲ್ಲದೆ ವಿದೇಶಕ್ಕೆ ಹೋಗುವ ದಾರಿ ಗೊತ್ತಿರುವುದು ಜನಪ್ರತಿನಿಧಿಗಳಿಗೆ. 2012ರಲ್ಲಿ ರಾಜ್ಯ ಬರದಲ್ಲಿ ಬೇಯುತ್ತಿದ್ದಾಗ ನಮ್ಮ ಶಾಸಕರ ತಂಡವೊಂದು ದಕ್ಷಿಣ ಅಮೆರಿಕಕ್ಕೆ 'ಅಧ್ಯಯನ ಪ್ರವಾಸ' ಹೊರಟು ಊರೆಲ್ಲ ಉಗಿಸಿಕೊಂಡಿತ್ತು. ಜಗಳೂರು ಚಿಕ್ಕಪ್ಪನಿಗೆ ಅದು ಇವತ್ತಿಗೂ ನೆನಪಿದೆ. "ನಂದೂ ಅಧ್ಯಯನ ಅಂತ ಬರ್ಕೊಳ್ಳಿ. ಎಲೆ ಇಲ್ದಿರೋ ಮರ ನಮ್ಮಲ್ಲೂ ಐತಿ, ಅವರಲ್ಲೂ ಐತಿ. ಅವರು ಹ್ಯಾಂಗ್ ದುಡ್ ಮಾಡ್ತಾರೆ ನೋಡ್ಕೊಂಡ್ ಬರ್ತೀನಿ" ಎಂದರು. ಇಡೀ ಸಭೆಯಲ್ಲಿ ಪ್ರವಾಸಕ್ಕೆ ಸರಿಯಾದ ಕಾರಣ ಕೊಟ್ಟವರು ಅವರೊಬ್ಬರೇ ಎಂಬುದು ನನ್ನ ಅಭಿಪ್ರಾಯ.

ಇನ್ನು ಕಾಗದಪತ್ರ. ದಾವಣಗೆರೆಯ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಬಂದಿರುವುದರಿಂದ ಆ ಕೆಲಸ ಸಲೀಸು. ಆಧಾರ್‌ನಲ್ಲಿ ಇನಿಷಿಯಲ್ ಮುಂದೆ, ಪ್ಯಾನ್‌ನಲ್ಲಿ ಇನಿಷಿಯಲ್ ಹಿಂದೆ, ಶಾಲೆಯ ಟಿ.ಸಿ.ಯಲ್ಲಿ ಇನಿಷಿಯಲ್ಲೇ ಇಲ್ಲ ಎಂಬ ಮಾಮೂಲಿ ರಗಳೆ ಬಿಟ್ಟರೆ ಏನಿಲ್ಲ. ನಿಜವಾದ ಪೇಚು ವೀಸಾದ್ದು. ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ, ಜೊತೆಗೆ ಆದಾಯ ತೆರಿಗೆ ರಿಟರ್ನ್ಸ್ ಕೇಳುತ್ತಾರೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ. ಹಾಗಾಗಿ ಮಾವ ಜನ್ಮದಲ್ಲಿ ರಿಟರ್ನ್ಸ್ ಹಾಕಿದವರಲ್ಲ. ಇಷ್ಟು ವರ್ಷ ಅದನ್ನೇ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದವರು ಈಗ ಆಡಿಟರ್ ಮುಂದೆ ಕೂತು, "ಹಿಂದಿನ ವರ್ಷದ್ದೂ ಸೇರ್ಸಿ ಕಟ್ತೀನಿ ಸ್ವಾಮಿ, ಏನಾರ ಒಂದು ಮಾಡಿ" ಎಂದು ಕೈಮುಗಿಯುತ್ತಿದ್ದಾರೆ. ಸರ್ಕಾರಕ್ಕೆ ಕಟ್ಟಲು ಜನ ಹೀಗೆ ತುದಿಗಾಲಲ್ಲಿ ನಿಲ್ಲುವುದು ಬೇರೆ ದೇಶದ ಸರ್ಕಾರ ಕೇಳಿದಾಗ ಮಾತ್ರ.

ಆಡಿಟರ್ ಪಹಣಿ ಲಗತ್ತಿಸಲು ಹೇಳಿದರು. ಪಹಣಿ ತೆಗೆಸಿ ನೋಡಿದರೆ ಕಲಂ 9ರಲ್ಲಿ ತೀರಿಹೋದ ಅಜ್ಜನ ಹೆಸರು, ಕಲಂ 11ರಲ್ಲಿ ಬ್ಯಾಂಕಿನ ಸಾಲ, ಬೆಳೆಯ ಕಲಂ 12ರಲ್ಲಿ ರಾಗಿ. ತೋಟದಲ್ಲಿ ನಿಂತಿರುವುದು ಇಪ್ಪತ್ತು ವರ್ಷದ ಅಡಿಕೆ ಮರ. ಇದನ್ನು ಇಂಗ್ಲಿಷಿಗೆ ತರ್ಜುಮೆ ಮಾಡಿಸಿ ನೋಟರಿ ಸಹಿ ಹಾಕಿಸಿದರೆ, ಸತ್ತವನೊಬ್ಬ ಸಾಲ ಮಾಡಿ ರಾಗಿ ಬೆಳೆದು ಸಂಸಾರ ಸಮೇತ ಮೇಪಲ್ ಎಲೆ ನೋಡಲು ಬರುತ್ತಿದ್ದಾನೆಂದು ಜಪಾನಿನ ರಾಯಭಾರ ಕಚೇರಿಯವರು ತಿಳಿಯಬೇಕು.

ಆದರೆ ಜಪಾನಿಗರು ಇವೆಲ್ಲಕ್ಕಿಂತ ಗಟ್ಟಿ ಪರೀಕ್ಷೆಯೊಂದನ್ನು ಇಟ್ಟಿದ್ದಾರೆ. ವೀಸಾ ಅರ್ಜಿಯ ಜೊತೆ ವಾಸ್ತವ್ಯದ ವೇಳಾಪಟ್ಟಿಯನ್ನೂ ತುಂಬಿಕೊಡಬೇಕು. ದಿನಕ್ಕೊಂದು ಸಾಲು. ತಾರೀಖು, ಅವತ್ತು ಏನು ಮಾಡುತ್ತೀರಿ, ಸಂಪರ್ಕ ಎಲ್ಲಿ, ರಾತ್ರಿ ಮಲಗುವುದೆಲ್ಲಿ. ನಾಳೆ ಬೆಳಗ್ಗೆ ತಾಲೂಕು ಕಚೇರಿಗೆ ಬರ್ತೀಯೇನಪ್ಪ ಎಂದರೆ "ನೋಡಾಣ" ಎನ್ನುವ ಜನಕ್ಕೆ, ಎರಡು ತಿಂಗಳಾಚೆಯ ಒಂದು ಬುಧವಾರ ರಾತ್ರಿ ಯಾವ ಊರಿನ ಯಾವ ಹಾಸಿಗೆಯಲ್ಲಿ ಮಲಗಿರುತ್ತೀರಿ ಎಂದು ಬರೆದುಕೊಡಿ ಎಂದರೆ ಹೇಗಾಗಬೇಡ?

ಬರೆದುಕೊಟ್ಟವನು ದಾವಣಗೆರೆಯ ಏಜೆಂಟ್. ಹತ್ತು ದಿನಕ್ಕೆ ಎಂಟು ನಗರ: ಟೋಕಿಯೋ, ನಿಕ್ಕೋ, ಹಕೋನೆ, ನಗೋಯಾ, ಕ್ಯೋಟೋ, ನಾರಾ, ಒಸಾಕಾ, ಹಿರೋಶಿಮಾ. ಅವನ ಪಟ್ಟಿಯಲ್ಲಿ ಕ್ಯೋಟೋದ ದಿನ ಹೀಗಿತ್ತು: 'ಬೆಳಗ್ಗೆ 8.00 ಕ್ಯೋಟೋ ತಲುಪುವುದು. 8.30 ಬಂಗಾರದ ಗುಡಿ. 9.15 ಧ್ಯಾನ. 9.25 ಧ್ಯಾನ ಮುಕ್ತಾಯ. 9.30 ಶೌಚಾಲಯ. 9.45 ಬಿದಿರು ಕಾಡು. 10.30 ಕೆಂಪೆಲೆ ವೀಕ್ಷಣೆ, ಫೋಟೋ, ವಿಡಿಯೋ. 11.00 ಶಾಪಿಂಗ್.' ಧ್ಯಾನಕ್ಕೆ ಹತ್ತು ನಿಮಿಷ, ಶೌಚಕ್ಕೆ ಹದಿನೈದು. ಹನ್ನೆರಡು ಜನರ ತಂಡದಲ್ಲಿ ಎಂಟು ಮಂದಿ ಹಿರಿಯರು ಎಂಬುದನ್ನು ಲೆಕ್ಕಕ್ಕೆ ಹಿಡಿದರೆ ಏಜೆಂಟ್ ಅನುಭವಸ್ಥನೇ ಸರಿ.

ಕೆಲವು ವರ್ಷಗಳಿಂದ ಕ್ಯೋಟೋದವರು ಪ್ರವಾಸಿಗರ ಕಾಟಕ್ಕೆ ಹೈರಾಣಾಗಿದ್ದಾರೆಂಬುದು ಏಜೆಂಟನ ಪಟ್ಟಿಯಲ್ಲಿರಲಿಲ್ಲ. 2024ರಲ್ಲಿ ಜಪಾನಿಗೆ ಬಂದ ವಿದೇಶಿಯರು 3 ಕೋಟಿ 68 ಲಕ್ಷ. ಗೇಯ್ಶಾ ಕಲಾವಿದೆಯರಿರುವ ಗಿಯೋನ್ ಬಡಾವಣೆಯ ಖಾಸಗಿ ಓಣಿಗಳಿಗೆ ಪ್ರವಾಸಿಗರು ನುಗ್ಗಿದರೆ 10,000 ಯೆನ್ ದಂಡ ಎಂದು ಬೋರ್ಡು ಹಾಕಿದರು. ಫ್ಯೂಜಿ ಪರ್ವತದ ಬಳಿಯ ಒಂದು ಊರಿನಲ್ಲಿ, ಅಂಗಡಿಯ ನೆತ್ತಿಯ ಮೇಲೆ ಪರ್ವತ ಕಾಣುವ ಜಾಗದಲ್ಲಿ ಫೋಟೋಕ್ಕೆ ನಿಂತವರ ಗುಂಪು ರಸ್ತೆಯನ್ನೇ ಮುಚ್ಚಿದ್ದರಿಂದ, ಊರವರು ಪರ್ವತವೇ ಕಾಣದಂತೆ ಕಪ್ಪು ಪರದೆ ಕಟ್ಟಿದರು. ಪ್ರವಾಸಿಗರು ಪರದೆಗೆ ತೂತು ಕೊರೆದರು. ಇದನ್ನು ಕೇಳಿ ಮಾವನಿಗೆ ಸಂಕಟವೇನೂ ಆಗಲಿಲ್ಲ. "ತೂತು ಎಷ್ಟು ದೊಡ್ಡದೈತೆ? ಕ್ಯಾಮೆರಾ ಹೋಗ್ತೈತಾ?" ಎಂದರು.

ರೈಲಿನ ಮಾತು ಬಂದಾಗ ಸಭೆ ರಂಗೇರಿತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ತಾಲೂಕು ಕೇಂದ್ರಗಳಲ್ಲಿ ಒಂದಕ್ಕೂ ರೈಲು ನಿಲ್ದಾಣವಿಲ್ಲ. ಆದರೆ ಜಪಾನಿನ ರೈಲ್ ಪಾಸ್ ಬಗ್ಗೆ ಅಲ್ಲಿ ನಡೆದ ಚರ್ಚೆ ಸಂಸತ್ತಿನ ರೈಲ್ವೆ ಸ್ಥಾಯಿ ಸಮಿತಿಯಲ್ಲೂ ನಡೆದಿರಲಾರದು. ಏಳು ದಿನದ ಪಾಸ್ 29,650 ಯೆನ್ ಇದ್ದದ್ದು 2023ರ ಅಕ್ಟೋಬರ್‌ನಿಂದ 50,000 ಯೆನ್ ಆಯಿತು. ಅಷ್ಟು ಕೊಟ್ಟರೂ ಅತಿ ವೇಗದ ನೊಜೊಮಿ ರೈಲಿಗೆ ಮೇಲೆ ಮತ್ತಷ್ಟು ತೆರಬೇಕು. ನಮ್ಮ ಕಡೆ ಗಾದೆಯಾಗಿರುವ ಹೊನ್ನಾಳಿ ಹೊಡ್ತ ಎಂದರೇನೆಂದು ಹೊನ್ನಾಳಿಯ ಬೀಗರಿಗೇ ಅವತ್ತು ತಿಳಿಯಿತು.

"ಬಸ್ಸಿನಾಗೆ ಹೋದ್ರೆ?" ಎಂದು ಕೇಳಿದರು.

"ಬಸ್ ಐತೆ. ಆದ್ರೆ ಟೈಮಿಗೆ ಬರ್ತೈತೆ" ಎಂದ ಏಜೆಂಟ್, ಎಚ್ಚರಿಕೆಯ ದನಿಯಲ್ಲಿ.

ಇದು ಸಣ್ಣ ಎಚ್ಚರಿಕೆಯಲ್ಲ. 2017ರ ನವೆಂಬರ್‌ನಲ್ಲಿ ಟೋಕಿಯೋ ಪಕ್ಕದ ಒಂದು ರೈಲು 20 ಸೆಕೆಂಡು ಮುಂಚೆ ಹೊರಟಿತೆಂದು ಆ ಸಂಸ್ಥೆ ಪ್ರಯಾಣಿಕರ ಕ್ಷಮೆ ಕೇಳಿತ್ತು. ನಮ್ಮ ಬೀಗರ ಬಳಗದಲ್ಲಿ 20 ಸೆಕೆಂಡಿನಲ್ಲಿ ಒಬ್ಬರು ಎಡಗಾಲಿನ ಚಪ್ಪಲಿ ಹುಡುಕಿ ಮುಗಿಸಿದರೆ ಹೆಚ್ಚು. ಹನ್ನೆರಡು ಜನ, ಹದಿನೆಂಟು ಬ್ಯಾಗು, ಕಟಗರೊಟ್ಟಿಯ ಸ್ಟೀಲ್ ಡಬ್ಬಿ, ಶೇಂಗಾ ಚಟ್ನಿಪುಡಿ, ದಾವಣಗೆರೆ ಮಂಡಕ್ಕಿಯ ಚೀಲ. ಎಲ್ಲ ಬೋಗಿ ಹತ್ತುವ ಹೊತ್ತಿಗೆ ರೈಲು ಒಸಾಕಾ ಮುಟ್ಟಿರುತ್ತದೆ, ಏಜೆಂಟ್ ಹಿಂದಿನ ಪ್ಲಾಟ್‌ಫಾರ್ಮಿನಲ್ಲಿ ಹಾಜರಿ ಕೂಗುತ್ತಿರುತ್ತಾನೆ.

ಡಬ್ಬಿ ಒಯ್ಯದೆ ಗತಿಯೂ ಇಲ್ಲ. ಜಪಾನಿನ ಸಾರಿಗೂ ಸೊಪ್ಪಿನ ಪಲ್ಯಕ್ಕೂ ಒಣಮೀನು ಕುದಿಸಿದ ದಾಶಿ ನೀರು ಬೀಳುತ್ತದೆ. ಕಣ್ಣಿಗೆ ಮೀನು ಕಾಣದ ಮೇಲೆ ಅದು ಸಸ್ಯಾಹಾರವೇ ಎಂದು ಹೋಟೆಲಿನವರು ನಂಬಿರುತ್ತಾರೆ. ಲಿಂಗ ಕಟ್ಟಿಕೊಂಡ ಹೊನ್ನಾಳಿ ಬೀಗರು ಅದನ್ನು ಹೇಗೆ ನಂಬುವುದು? ಹಕೋನೆಯ ಬಿಸಿನೀರ ಬುಗ್ಗೆಯದು ಇನ್ನೊಂದು ಧರ್ಮಸಂಕಟ. ಅಲ್ಲಿ ಸ್ನಾನದ ಕೊಳಕ್ಕೆ ಬಟ್ಟೆ ಉಟ್ಟು ಇಳಿಯುವಂತಿಲ್ಲ, ಟವೆಲನ್ನೂ ನೀರಿಗೆ ತಾಗಿಸುವಂತಿಲ್ಲ. ತುಂಗಭದ್ರೆಯಲ್ಲಿ ಪಂಚೆ ಸುತ್ತಿಕೊಂಡೇ ಮುಳುಗಿ ಎದ್ದ ಬೀಗರಿಗೆ ಇದನ್ನು ವಿವರಿಸುವ ಹೊಣೆ ನನ್ನ ಮೇಲೆ ಬಿತ್ತು. "ಬೀಗರ ಮುಂದಾ?" ಎಂದು ಒಂದೇ ಮಾತು ಕೇಳಿ ಸುಮ್ಮನಾದರು. ಹಕೋನೆಯೂ ಹೋಯಿತು.

ಉಳಿದದ್ದು ಎಲೆಅಡಿಕೆ. ಅಡಿಕೆ ನಾಡಿನ ದೊರೆಗಳು ಅಡಿಕೆ ಇಲ್ಲದೆ ಹತ್ತು ದಿನ ಹೇಗೆ ಕಳೆಯುವುದು? ಸಸ್ಯ ತಪಾಸಣೆಯ ಪ್ರಮಾಣಪತ್ರವಿಲ್ಲದೆ ಹಸಿ ವೀಳ್ಯದೆಲೆಯನ್ನು ಆ ದೇಶದೊಳಗೆ ಒಯ್ಯುವಂತಿಲ್ಲ. ಒಯ್ದರೂ ಅಲ್ಲಿನ ಬೀದಿಗಳಲ್ಲಿ ಕಸದ ತೊಟ್ಟಿಯೇ ಅಪರೂಪ, ತಮ್ಮ ಕಸವನ್ನು ತಾವೇ ಜೇಬಿನಲ್ಲಿಟ್ಟು ಮನೆಗೆ ಒಯ್ಯುವ ಜನ ಅವರು. ಉಗುಳನ್ನು ಯಾವ ಜೇಬಿನಲ್ಲಿ ಇಡುವುದು? ಕೆಂಪೆಲೆ ಬಿದ್ದ ಜಾಗದಲ್ಲಿ ಉಗಿದರೆ ಯಾರಿಗೆ ಗೊತ್ತಾಗುತ್ತೆ ಎಂದು ನ್ಯಾಮತಿ ಷಡ್ಡಕರು ಪಿಸುದನಿಯಲ್ಲಿ ಕೇಳಿದರು. ಬಣ್ಣ ಹೊಂದುತ್ತದೆಂಬುದು ನಿಜ. ಚನ್ನಗಿರಿಯ ಕೆಂಪಡಿಕೆಗೆ ಅಂತರರಾಷ್ಟ್ರೀಯ ಮಟ್ಟದಲ್ಲಿ ಹೀಗೊಂದು ಉಪಯೋಗವಿದೆಯೆಂದು ಅಡಿಕೆ ಸಂಶೋಧಕರಿಗೂ ಹೊಳೆದಿರಲಿಲ್ಲ.

ಜಪಾನಿಗೆ ಹೋಗಿಬಂದ ಕನ್ನಡಿಗರಲ್ಲಿ ಇವರು ಮೊದಲಿಗರೇನಲ್ಲ. ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನ್ ನೋಡಿ ಬಂದರು. ಆ ದೇಶ ಕೈಗಾರಿಕೆಯನ್ನೂ ಶಾಲೆಗಳನ್ನೂ ಹೇಗೆ ಕಟ್ಟಿತೆಂದು ನೋಡಿದ್ದು ಅವರ ತಲೆಯಲ್ಲಿ ಕೊನೆಯತನಕ ಉಳಿಯಿತು. ಚನ್ನಗಿರಿಯ ಪಕ್ಕದ ಭದ್ರಾವತಿಯಲ್ಲಿ 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆಯ ಹಿಂದೆ ಇದ್ದದ್ದು ಅವರದೇ ಹಟ. ನಮ್ಮ ತಂಡದ ಪಟ್ಟಿಯಲ್ಲಿ ಜಪಾನಿನಿಂದ ತರಬೇಕಾದ್ದೆಂದು ಬರೆದಿದ್ದದ್ದು ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್, ಇಪ್ಪತ್ತೈದು. ಅದೂ ಕಬ್ಬಿಣಕ್ಕೇ ಅಂಟುತ್ತದೆ ಎಂಬಷ್ಟು ಸಂಬಂಧ ಉಳಿದುಕೊಂಡಿದೆ.

ವೇಳಾಪಟ್ಟಿಯ ಖಾಲಿ ನಮೂನೆಯೊಂದು ನನ್ನ ಬಳಿಯೇ ಉಳಿದಿತ್ತು. ಜಪಾನಿನ ಸಂಸಾರವೊಂದು ಕಾರ್ತಿಕ ಮಾಸದಲ್ಲಿ ನಮ್ಮ ನಾಲ್ಕು ತಾಲೂಕು ನೋಡಲು ಬಂದರೆ ಅವರೂ ಇದೇ ಕಲಂಗಳನ್ನು ತುಂಬಬೇಕಲ್ಲ ಎಂದು ಬರೆಯಲು ಕೂತೆ.

ಮೊದಲ ದಿನ ಸಂತೇಬೆನ್ನೂರು. ಕೆಂಗ ಹನುಮಂತಪ್ಪ ನಾಯಕ 16ನೇ ಶತಮಾನದಲ್ಲಿ ಕಟ್ಟಿಸಿದ ಪುಷ್ಕರಿಣಿ, ನೀರಿನ ನಡುವೆ ವಸಂತ ಮಂಟಪ. ಕ್ಯೋಟೋದ ಯಾವ ಕೊಳಕ್ಕೂ ಸೋಲುವಂಥದ್ದಲ್ಲ. ರಾತ್ರಿ ವಾಸ್ತವ್ಯದ ಕಲಂ ಬಂದಾಗ ಕೈ ನಿಂತಿತು. ಪುಷ್ಕರಿಣಿಯ ಪಕ್ಕದಲ್ಲೇ ಪ್ರಯಾಣಿಕರಿಗೆಂದು ಕಟ್ಟಿದ ಮುಸಾಫಿರ್ ಖಾನಾ ಇದೆ. ಈಗ ಅದು ಸಂರಕ್ಷಿತ ಸ್ಮಾರಕ, ಆದ್ದರಿಂದ ಮುಸಾಫಿರರು ಅಲ್ಲಿ ಮಲಗುವಂತಿಲ್ಲ. ಸಂಪರ್ಕದ ಕಲಂನಲ್ಲಿ ಕಾವಲುಗಾರ ಎಂದು ಬರೆದೆ. ಕಾವಲುಗಾರ ಊಟಕ್ಕೆ ಹೋಗಿದ್ದರೆ ಹತ್ತಿರದ ಟೀ ಅಂಗಡಿ.

ಎರಡನೇ ದಿನ ಸೂಳೆಕೆರೆ. ಹರಿದ್ರಾ ಹಳ್ಳಕ್ಕೆ ಎರಡು ಗುಡ್ಡಗಳ ನಡುವೆ ಸಣ್ಣದೊಂದು ಏರಿ ಹಾಕಿ, ಆರು ಸಾವಿರ ಎಕರೆಗೂ ಮಿಕ್ಕಿ ನೀರು ನಿಲ್ಲಿಸಿದ ಜಾಣತನ. ಯಂತ್ರ, ಸಿಮೆಂಟು ಏನೂ ಇಲ್ಲದ ಕಾಲದ ಕೆಲಸ. ಸಿದ್ಧ ತೂಬು, ಬಸವ ತೂಬು ಎಂದು ತೂಬುಗಳಿಗೂ ಹೆಸರಿಟ್ಟ ಜನ. ಅಲ್ಲಿ ಸಿಕ್ಕ ಮೊದಲನೆಯವನೇ "ಏಷ್ಯಾದಾಗೆ ಎರಡನೇ ದೊಡ್ಡ ಕೆರೆ" ಎನ್ನುತ್ತಾನೆ. ಮೊದಲನೆಯದು ಯಾವುದು ಎಂದು ಜಪಾನಿನವರು ಕೇಳಬಾರದು. ಅದಕ್ಕೆ ಪ್ರತಿಯೊಬ್ಬರದೂ ಬೇರೆ ಬೇರೆ ಉತ್ತರ. ಪರದೆ ಕಟ್ಟುವ ಖರ್ಚು ಇಲ್ಲಿಲ್ಲ, ರಸ್ತೆ ಮುಚ್ಚುವಷ್ಟು ಜನ ಬರುವುದಿಲ್ಲ.

ಮೂರನೇ ದಿನ ನ್ಯಾಮತಿ. 2017ರ ಬಜೆಟ್ಟಿನಲ್ಲಿ ಘೋಷಣೆಯಾದ 49 ಹೊಸ ತಾಲೂಕುಗಳಲ್ಲಿ ಇದೂ ಒಂದು. ತೀರ್ಥರಾಮೇಶ್ವರದ ಬೆಟ್ಟ, ಸಂತ ಸೇವಾಲಾಲರ ಸೂರಗೊಂಡನಕೊಪ್ಪ ಎರಡೂ ಇದರ ಮಡಿಲಲ್ಲೇ ಇವೆ. ಆದರೆ ನ್ಯಾಮತಿಯಿಂದ ಶರತ್ಕಾಲದಲ್ಲಿ ನಿಜಕ್ಕೂ ಹಲವು ಊರು ಸುತ್ತಿ ಬಂದದ್ದು ಬಂಗಾರ. 2024ರ ಅಕ್ಟೋಬರ್ ಕೊನೆಯಲ್ಲಿ ಇಲ್ಲಿನ ಬ್ಯಾಂಕಿನಿಂದ ರಾತ್ರೋರಾತ್ರಿ ಹೊರಟ 17 ಕಿಲೋಗೂ ಹೆಚ್ಚಿನ ಚಿನ್ನ, ತಮಿಳುನಾಡಿನ ಮದುರೈ ಕಡೆಯ ಬಾವಿಯೊಂದರ ತಳದಲ್ಲಿ ವಾಸ್ತವ್ಯ ಮುಗಿಸಿ, 2025ರ ಮಾರ್ಚ್‌ನಲ್ಲಿ ಪೊಲೀಸ್ ಬೆಂಗಾವಲಿನಲ್ಲಿ ಮರಳಿತು. ವೇಳಾಪಟ್ಟಿ ಬರೆದುಕೊಡದೆ ಇಷ್ಟು ಅಚ್ಚುಕಟ್ಟಾಗಿ ನಡೆದ ಪ್ರವಾಸವನ್ನು ನಾನಂತೂ ಕೇಳಿಲ್ಲ.

ಹೊನ್ನಾಳಿಗೆ ಒಂದು ದಿನ ಸಾಕು: ಹೊಳೆ, ಹಿರೇಕಲ್ಮಠ, ಬೀಗರ ಹೋರಿ. ಕೊನೆಯ ದಿನ ಜಗಳೂರು. ರಂಗಯ್ಯನದುರ್ಗದ ಕುರುಚಲು ಕಾಡಿನಲ್ಲಿ 2011ರಿಂದ ಕೊಂಡುಕುರಿಗೆಂದೇ ವನ್ಯಧಾಮವಿದೆ. ನಾಲ್ಕು ಕೊಂಬಿನ ಕಾಡುಪ್ರಾಣಿ ಜಗತ್ತಿನಲ್ಲಿ ಇದೊಂದೇ, ಇರುವುದು ಭಾರತ ಮತ್ತು ನೇಪಾಳದಲ್ಲಿ ಮಾತ್ರ. ನಾರಾದ ಜಿಂಕೆಗಳು ಬಿಸ್ಕತ್ತಿಗಾಗಿ ಪ್ರವಾಸಿಗರ ಮುಂದೆ ತಲೆ ಬಗ್ಗಿಸುತ್ತವೆ. ಜಗಳೂರಿನ ಕೊಂಡುಕುರಿ ಯಾರಿಗೂ ತಲೆ ಬಗ್ಗಿಸುವುದಿಲ್ಲ, ಮನುಷ್ಯರ ಸುಳಿವು ಸಿಕ್ಕಿದರೆ ಪೊದೆ ಸೇರುತ್ತದೆ. ಸರ್ಕಾರಿ ಯೋಜನೆಗಳ ಸುಳಿವು ಸಿಕ್ಕಿದಾಗ ಜಗಳೂರಿನ ಜನರೂ ಇಷ್ಟೇ ಅನುಮಾನದಿಂದ ನೋಡುತ್ತಾರೆ. 57 ಕೆರೆ ತುಂಬಿಸುವ ಯೋಜನೆಯಲ್ಲಿ ಹರಿಹರದ ಕಡೆಯಿಂದ ತುಂಗಭದ್ರೆಯ ನೀರು ಪೈಪಿನಲ್ಲಿ ಹತ್ತಿ ಬರುವತನಕ ಚಿಕ್ಕಪ್ಪ ನಂಬಿರಲಿಲ್ಲ. ನ್ಯಾಮತಿ, ಹೊನ್ನಾಳಿ ದಾಟಿ ಜಗಳೂರು ಸೇರಿದ ಆ ನೀರು ನಮ್ಮ ಇಡೀ ಬಳಗಕ್ಕಿಂತ ಹೆಚ್ಚು ಜಿಲ್ಲೆ ನೋಡಿದೆ.

ಪಟ್ಟಿಯನ್ನು ಮಾವನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, "ಚೆನ್ನಾಗೈತೆ. ಜಪಾನಿನೋರು ಬಂದ್ರೆ ನನಗೂ ಹೇಳು, ನಾನೂ ಸೂಳೆಕೆರೆ ಏರಿ ಮ್ಯಾಲೆ ಪೂರ್ತಿ ನಡೆದಿಲ್ಲ" ಎಂದರು. ಅವರ ತೋಟಕ್ಕೂ ಕೆರೆಗೂ ಬೈಕಿನಲ್ಲಿ ಹೋದರೆ ಒಂದು ಬೀಡಿ ಮುಗಿಯುವಷ್ಟು ದೂರ.

ಕೊನೆಗೆ ತಾರೀಖು ನವೆಂಬರ್ ಕೊನೆಯ ವಾರಕ್ಕೆ ನಿಂತಿದೆ. ಹೊಕ್ಕೈಡೋ, ಹಕೋನೆ ಹೋಗಿ ಏಳು ನಗರ ಉಳಿದಿವೆ. ಹೋರಿಯ ಜವಾಬ್ದಾರಿಯನ್ನು ಬೀಗರ ತಮ್ಮ ಒಪ್ಪಿಕೊಂಡಿದ್ದಾನೆ, ಮೆಕ್ಕೆಜೋಳದ ರಾಶಿಗೆ ಕೂಲಿ ಕಾವಲುಗಾರ ಸಿಕ್ಕಿದ್ದಾನೆ, ಜಗಳೂರು ಚಿಕ್ಕಪ್ಪನ ಖರ್ಚು ಯಾರದೆಂದು ಯಾರೂ ಬಾಯಿ ಬಿಡುತ್ತಿಲ್ಲ. ಮಕ್ಕಳ ಶಾಲೆಗೆ ರಜಾಚೀಟಿ ಈಗಲೇ ಬರೆದಿಟ್ಟಿದ್ದಾರೆ. 'ಅಜ್ಜಿಗೆ ತೀವ್ರ ಅನಾರೋಗ್ಯ' ಎಂದಿದೆ. ಅಜ್ಜಿ ಹೊಸ ಸ್ಪೋರ್ಟ್ಸ್ ಶೂ ಹಾಕಿಕೊಂಡು ದಿನಾ ಸಂಜೆ ಅಂಗಳದಲ್ಲಿ ನಡೆದು ಅಭ್ಯಾಸ ಮಾಡುತ್ತಿದ್ದಾರೆ.

ಈ ಸಲ ಶರತ್ಕಾಲಕ್ಕೆ ಜಪಾನಿಗೆ ಹೊರಡುವ ಯೋಚನೆಯಲ್ಲಿರುವ ಚನ್ನಗಿರಿ ಕಡೆಯ ಓದುಗರಿಗೆ ಒಂದು ಮಾತು. ದಸರೆ ರಜೆಯಲ್ಲಿ ಕ್ಯೋಟೋಗೆ ಹೋದರೆ ಎಲೆ ಹಸಿರಾಗಿಯೇ ಇರುತ್ತದೆ. ಖೇಣಿ ಮುಂಗಡವನ್ನು ಏಜೆಂಟನ ಕೈಗಿಡುವ ಮೊದಲು ರಸೀದಿಯ ಹಿಂಬದಿ ಓದಿ. ಎಲೆ ಕೆಂಪಾಗಲಿ ಬಿಡಲಿ ಮುಂಗಡ ವಾಪಸು ಕೊಡುವುದಿಲ್ಲವೆಂದು ಅಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದಾರೆ.